ಸವಳು ಹೊಲಕ್ಕೆ ಯಾವ ಗೋಧಿ? ಕರ್ನಾಲ್ ಬೀಜವನ್ನು ಇಂದಾಪುರಕ್ಕೆ ತರುವ ಮೊದಲು

ಪ್ರಶ್ನೆ: ನಮ್ಮ ಮೂಲ ವಿಜಯಪುರ ಜಿಲ್ಲೆ. ಅಪ್ಪನ ಕಾಲದಿಂದ ಪುಣೆಯಲ್ಲೇ ಇದ್ದೇವೆ, ನನಗೆ ಚಾಕಣದಲ್ಲಿ ಕೆಲಸ. ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನಲ್ಲಿ ನಾಲ್ಕು ಎಕರೆ ಎರೆ ಹೊಲ ಇದೆ, ಅಣ್ಣ ನೋಡಿಕೊಳ್ಳುತ್ತಾನೆ. ವರ್ಷಾನುಗಟ್ಟಲೆ ಕಬ್ಬು ಹಾಕಿ ಹೊಲದ ತಗ್ಗಿನ ಭಾಗ ಬೆಳ್ಳಗಾಗಿದೆ, ಅಲ್ಲಿ ಕಬ್ಬು ಏಳುತ್ತಿಲ್ಲ. ಈ ಹಿಂಗಾರಿಗೆ ಗೋಧಿ ಹಾಕೋಣ ಅಂತ ಯೋಚನೆ. ಹರಿಯಾಣದ ಸಹೋದ್ಯೋಗಿಯೊಬ್ಬರು ಅಲ್ಲಿನ ಕರ್ನಾಲ್‌ನಿಂದ ಉಪ್ಪು ತಡೆಯುವ ಕೆಆರ್‌ಎಲ್ 210 ಗೋಧಿ ಬೀಜ ತರಿಸಿಕೊಡುತ್ತೇನೆ ಎನ್ನುತ್ತಾರೆ. ಅಣ್ಣನಿಗೆ ಖಪ್ಲಿ ಗೋಧಿ ಹಾಕುವ ಆಸೆ, ಪುಣೆಯಲ್ಲಿ ಅದಕ್ಕೆ ಒಳ್ಳೆ ರೇಟಿದೆ. ಯಾವುದು ಸರಿ? ಇನ್ನೊಂದು ಮಾತು: ಜೀನ್ ಎಡಿಟಿಂಗ್ ಬಂದಿರುವ ಈ ಕಾಲದಲ್ಲಿ ನಮ್ಮ ಸವಳು ಮಣ್ಣಿಗೆ ಹೊಂದುವ ಗೋಧಿ ತಳಿ ಸಲೀಸಾಗಿ ಯಾಕೆ ಸಿಗುವುದಿಲ್ಲ?

ಉತ್ತರ: ಮೊದಲು ನೇರ ಮಾತು. ಕೆಆರ್‌ಎಲ್ 210 ಮೂಟೆಗಟ್ಟಲೆ ತರಿಸಬೇಡಿ. ಐದು ಕೆಜಿ ತರಿಸಿ, ನಾಲ್ಕು ಗುಂಟೆಗೆ ಸಾಕು, ಒಂದು ಪಟ್ಟಿ ಹಾಕಿ ನೋಡಿ. ಉಳಿದ ಹೊಲಕ್ಕೆ ನಮ್ಮ ಭಾಗದ್ದೇ ಒಳ್ಳೆಯ ಚಪಾತಿ ಗೋಧಿ ಇರಲಿ. ಖಪ್ಲಿಯನ್ನು ತಗ್ಗಿನ ಕಡೆ ಹಾಕಲೇಬೇಡಿ. ಯಾಕೆ ಹೀಗೆ ಅಂತ ಹೇಳಬೇಕಾದರೆ ಸ್ವಲ್ಪ ಸುತ್ತಿ ಬರಬೇಕು. ಬೀಜಕ್ಕೆ ಹೋಗುವ ಮೊದಲು ಮಣ್ಣಿನ ಹತ್ತಿರ ನಿಲ್ಲಬೇಕು.

ನೀವು 'ಬೆಳ್ಳಗಾಗಿದೆ' ಎಂದಿದ್ದೀರಿ. ಬೆಳ್ಳಗಾಗುವುದರಲ್ಲಿ ಎರಡು ಬಗೆ ಇದೆ, ಎರಡಕ್ಕೂ ಮದ್ದು ಬೇರೆ. ಒಂದು, ಬರೀ ಉಪ್ಪು ಸೇರಿರುವ ಮಣ್ಣು. ನಿಮ್ಮ ಕಡೆ ಖಾರವಟ ಅನ್ನುತ್ತಾರೆ. ಒಣಗಿದಾಗ ಮೇಲೆ ಬಿಳಿ ಪುಡಿ ಕಾಣುತ್ತದೆ, ಆದರೆ ಮಣ್ಣು ಪುಡಿಪುಡಿಯಾಗಿ, ಉತ್ತರೆ ಬಿಚ್ಚಿಕೊಳ್ಳುತ್ತದೆ. ಇನ್ನೊಂದು ಚೋಪಣ. ಇಲ್ಲಿ ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿಕೊಂಡಿರುತ್ತದೆ. ಒಣಗಿದರೆ ಕಲ್ಲು, ನೆನೆದರೆ ಜಾರುವ ಕೆಸರು, ನೀರು ಬಿಟ್ಟರೆ ದಿನಗಟ್ಟಲೆ ನಿಂತೇ ಇರುತ್ತದೆ. ಮೊದಲನೆಯದಕ್ಕೆ ಬೇಕಾಗಿರುವುದು ಬಸಿಗಾಲುವೆ ಮತ್ತು ಉಪ್ಪನ್ನು ತೊಳೆದು ಕೆಳಗಿಳಿಸುವಷ್ಟು ಒಳ್ಳೆ ನೀರು. ಅದಕ್ಕೆ ಜಿಪ್ಸಂ ಸುರಿದರೆ ದುಡ್ಡು ದಂಡ. ಎರಡನೆಯದಕ್ಕೆ ಜಿಪ್ಸಂ ಬೇಕೇ ಬೇಕು, ಇಲ್ಲದಿದ್ದರೆ ಎಷ್ಟು ನೀರು ಬಿಟ್ಟರೂ ಒಳಗೆ ಇಳಿಯುವುದಿಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮಳೆಗಾಲ ಮುಗಿದ ಮೇಲೆ ತಗ್ಗಿನ ಭಾಗದಿಂದ ಗೋಲಿ ಗಾತ್ರದ ಒಂದು ಒಣ ಹೆಂಟೆ ತನ್ನಿ. ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಆರ್‌ಒ ನೀರು ಹಾಕಿ, ಹೆಂಟೆಯನ್ನು ಮೆಲ್ಲಗೆ ಇಳಿಸಿ. ಕಲಕಬೇಡಿ. ಹೆಂಟೆ ಸಣ್ಣ ಚೂರಾಗಿ ಕುಸಿದು, ನೀರು ಮಾತ್ರ ತಿಳಿಯಾಗಿಯೇ ಇದ್ದರೆ ಅಷ್ಟು ಚಿಂತೆ ಇಲ್ಲ. ಹೆಂಟೆಯ ಸುತ್ತ ಹಾಲು ಕದಡಿದ ಹಾಗೆ ಮೋಡ ಎದ್ದು, ಮರುದಿನವೂ ನೀರು ತಿಳಿಯಾಗದಿದ್ದರೆ ಅದು ಚೋಪಣ. ಮಳೆಗಾಲ ಮುಗಿದ ಮೇಲೆ ಅಂತ ಸುಮ್ನೆ ಹೇಳಲಿಲ್ಲ. ಬೇಸಿಗೆಯಲ್ಲಿ ಮಣ್ಣಿನಲ್ಲಿ ಉಪ್ಪು ಜಾಸ್ತಿ ಇರುತ್ತದೆ, ಆ ಉಪ್ಪೇ ಕಣಗಳನ್ನು ಹಿಡಿದಿಟ್ಟುಕೊಂಡು ಸೋಡಿಯಂನ ಕಾಟವನ್ನು ಮರೆಮಾಚುತ್ತದೆ. ಮಳೆ ಉಪ್ಪನ್ನು ತೊಳೆದ ಮೇಲೆ ನಿಜ ಸ್ಥಿತಿ ಹೊರಗೆ ಬರುತ್ತದೆ.

ಇದು ನಿಮ್ಮ ಹೊಲದ ಹೊಸ ರೋಗವೇನಲ್ಲ. ನೀರಾ ಎಡದಂಡೆ ಕಾಲುವೆ ಬಂದದ್ದು 1880ರ ದಶಕದಲ್ಲಿ. 1910ರ ಹೊತ್ತಿಗೆ ಪುಣೆ ಕೃಷಿ ಕಾಲೇಜಿನ ಹೆರಾಲ್ಡ್ ಮ್ಯಾನ್ ಅವರು ನೀರಾ ಕಣಿವೆಯ ಉಪ್ಪು ಜಮೀನುಗಳ ಬಗ್ಗೆ ವರದಿ ಬರೆಯುವ ಮಟ್ಟಕ್ಕೆ ಅದು ಹೋಗಿತ್ತು. ಎರೆ ಮಣ್ಣು, ಕಾಲುವೆ ನೀರು, ವರ್ಷಪೂರ್ತಿ ಕಬ್ಬು. ಈ ಮೂರೂ ಒಂದು ಕಡೆ ಸೇರಿದರೆ ನೆಲದೊಳಗಿನ ನೀರು ಮೇಲೇರುತ್ತದೆ, ಬಿಸಿಲಿಗೆ ನೀರು ಆರಿ ಉಪ್ಪು ಮಾತ್ರ ಉಳಿಯುತ್ತದೆ. ಸಾಂಗ್ಲಿ, ಕೊಲ್ಹಾಪುರದ ಕಡೆಯೂ ಇದೇ ಕಥೆ, ನಮ್ಮ ಅಥಣಿ, ಚಿಕ್ಕೋಡಿ ಕಡೆಯೂ ಇದೇ ಕಥೆ.

ಈಗ ಅಂಕಿಗೆ ಬರೋಣ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇಲ್ಲೇ ಇದೆ. ಮಣ್ಣಿನ ಉಪ್ಪನ್ನು ಇಸಿ (ವಿದ್ಯುತ್ ವಾಹಕತೆ) ಅಂತ ಅಳೆಯುತ್ತಾರೆ, ಉಪ್ಪು ಹೆಚ್ಚಿದಷ್ಟೂ ಅಂಕಿ ಏರುತ್ತದೆ. ನೀರು ಸರಿಯಾಗಿ ಬಸಿಯುವ ಮಣ್ಣಿನಲ್ಲಿ ಕಬ್ಬು ಇಸಿ 1.7 ದಾಟಿದ ಕೂಡಲೇ ಇಳುವರಿ ಕಳೆದುಕೊಳ್ಳಲು ಶುರು ಮಾಡುತ್ತದೆ. ಗೋಧಿ ಸುಮಾರು 6ರವರೆಗೆ ತಡೆಯುತ್ತದೆ, ಆಮೇಲೆ ಒಂದೊಂದು ಅಂಕಿ ಏರಿದಂತೆ ಸುಮಾರು 7% ಇಳುವರಿ ಇಳಿಯುತ್ತದೆ. ನೋಡಿದಿರಾ, ನಿಮ್ಮ ಕಬ್ಬು ಸೋತ ಜಾಗದಲ್ಲಿ ಯಾವ ವಿಶೇಷ ತಳಿಯೂ ಅಲ್ಲದ ಮಾಮೂಲಿ ಗೋಧಿಯೇ ಆರಾಮಾಗಿ ಬರಬಹುದು! ಕಬ್ಬು ಏಳಲಿಲ್ಲ ಅಂದ ಮಾತ್ರಕ್ಕೆ ಉಪ್ಪು ತಡೆಯುವ ಗೋಧಿಯೇ ಬೇಕು ಅಂತ ಓಡಬೇಕಾಗಿಲ್ಲ.

ಒಂದು ಎಚ್ಚರಿಕೆ. ಈ ಅಂಕಿಗಳು ಮಣ್ಣನ್ನು ನೀರಿನಲ್ಲಿ ಕಲಸಿ, ಗಟ್ಟಿ ಮುದ್ದೆ ಮಾಡಿ, ಅದರಿಂದ ಹಿಂಡಿ ತೆಗೆದ ನೀರಿನವು. ನಿಮ್ಮ ತಾಲೂಕಿನ ಮಣ್ಣು ಪರೀಕ್ಷಾ ವರದಿಯಲ್ಲಿ ಬರುವುದು ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡು ಅಥವಾ ಎರಡೂವರೆ ಪಾಲು ನೀರು ಸೇರಿಸಿ ಅಳೆದ ಇಸಿ. ನೀರು ಜಾಸ್ತಿ, ಹಾಗಾಗಿ ಅಂಕಿ ಕಡಿಮೆ ಬರುತ್ತದೆ. ಅಲ್ಲಿ 2 ಅಂತ ಕಂಡರೆ 'ಅಯ್ಯೋ ಏನೂ ಇಲ್ಲ' ಎನ್ನಬೇಡಿ, ನಿಜದ್ದು ಅದರ ಕೆಲವು ಪಟ್ಟು ಇರಬಹುದು. ಯಾವ ವಿಧಾನ ಅಂತ ಲ್ಯಾಬಿನವರನ್ನೇ ಕೇಳಿ ಬರೆಸಿಕೊಳ್ಳಿ. ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) ಕೂಡ ನೋಡಿ. 8.5 ದಾಟಿದ್ದರೆ ಚೋಪಣದ ಕಡೆ ವಾಲಿದೆ ಅಂತ ಲೆಕ್ಕ.

ಇನ್ನು ಹೊಲವನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೇಲಿನ ಮೂರು ಎಕರೆ ಚೆನ್ನಾಗಿದೆ ಅಂದುಕೊಳ್ಳೋಣ. ತೀರಾ ತಗ್ಗಿನಲ್ಲಿ ಅರ್ಧ ಎಕರೆ ಬೆಳ್ಳಗೆ, ಹುಲ್ಲೂ ಬರುವುದಿಲ್ಲ. ನಡುವೆ ಇನ್ನೊಂದು ಅರ್ಧ ಎಕರೆ, ಬೆಳೆ ಬರುತ್ತದೆ ಆದರೆ ಕುಳ್ಳಗೆ, ಎಲೆಯ ತುದಿ ಸುಟ್ಟಂತೆ. ಉಪ್ಪು ತಡೆಯುವ ತಳಿ ಮೇಲಿನ ಮೂರು ಎಕರೆಯಲ್ಲಿ ನಿಮಗೆ ಏನೂ ಹೆಚ್ಚು ಕೊಡುವುದಿಲ್ಲ, ಸ್ವಲ್ಪ ಕಡಿಮೆಯೇ ಕೊಡಬಹುದು. ತೀರಾ ಬೆಳ್ಳಗಿರುವ ಕಡೆ ಅದೂ ಸಾಯುತ್ತದೆ. ಅದರ ಕೆಲಸವೆಲ್ಲ ಆ ನಡುವಿನ ಅರ್ಧ ಎಕರೆಯಲ್ಲಿ. ತಳಿ ಕೊಂಡುಕೊಳ್ಳುವವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಆಸ್ಟ್ರೇಲಿಯಾದ ರಿಚರ್ಡ್ಸ್ ಎಂಬ ವಿಜ್ಞಾನಿ 1983ರಲ್ಲೇ ಇದನ್ನು ಎತ್ತಿ ಒಂದು ಕಿಡಿ ಹಚ್ಚಿದರು. ಉಪ್ಪು ಹೊಲ ಅಂದರೆ ಎಲ್ಲ ಕಡೆ ಒಂದೇ ಸಮ ಉಪ್ಪಲ್ಲ. ಅಲ್ಲಿ ಬರುವ ಫಸಲಿನ ಬಹುಪಾಲು ಬರುವುದು ಉಪ್ಪು ಕಡಿಮೆ ಇರುವ ತುಂಡುಗಳಿಂದಲೇ. ಹಾಗಿದ್ದ ಮೇಲೆ ಒಳ್ಳೆ ನೆಲದಲ್ಲಿ ಜಾಸ್ತಿ ಇಳುವರಿ ಕೊಡುವ ತಳಿಯನ್ನೇ ಆರಿಸುವುದು ಲಾಭ ಅಲ್ವಾ, ಉಪ್ಪು ತಡೆಯುವುದಕ್ಕೆ ಅಂತ ಯಾಕೆ ಒದ್ದಾಡುತ್ತೀರಿ ಎಂಬುದು ಅವರ ವಾದ. ನನ್ನ ಅಭಿಪ್ರಾಯದಲ್ಲಿ ನಿಮ್ಮಂಥ ತುಂಡು ತುಂಡು ಸವಳಿಗೆ ಅವರ ಮಾತು ಬಹಳ ಮಟ್ಟಿಗೆ ಸರಿ. ಆದರೆ ಉತ್ತರ ಪ್ರದೇಶ, ಹರಿಯಾಣದಲ್ಲಿ ಊರಿಗೆ ಊರೇ ಪಿಎಚ್ 9 ದಾಟಿದ ನೆಲವಿತ್ತು. ಅಲ್ಲಿ ಈ ವಾದ ನಿಲ್ಲುವುದಿಲ್ಲ. ಕೆಆರ್‌ಎಲ್ ತಳಿಗಳು ಹುಟ್ಟಿದ್ದು ಅಂಥ ಕಡೆಗೆ.

ಅವುಗಳ ಬೇರು ಇರುವುದು ರಾಜಸ್ಥಾನದ ಪಾಲಿ ಜಿಲ್ಲೆಯಲ್ಲಿ. ಅಲ್ಲಿನ ರೈತರು ಉಪ್ಪು ನೀರು, ಉಪ್ಪು ನೆಲದಲ್ಲಿ ತಲೆಮಾರುಗಳಿಂದ ಬೆಳೆದ ಖಾರ್ಚಿಯಾ ಎಂಬ ನಾಟಿ ಗೋಧಿ ಇದೆ. ಕೆಂಪು ಕಾಳು, ಎತ್ತರದ ಕಡ್ಡಿ, ಗಾಳಿಗೆ ಮಲಗುತ್ತದೆ, ಇಳುವರಿ ಕಡಿಮೆ, ಭಂಡಾರ ರೋಗಕ್ಕೆ (ತುಕ್ಕು ರೋಗ) ಬೇಗ ತುತ್ತಾಗುತ್ತದೆ. ಆದರೆ ಉಪ್ಪು ತಡೆಯುವುದರಲ್ಲಿ ಅದಕ್ಕೆ ಸಾಟಿ ಸಿಗುವುದು ಕಷ್ಟ. ಲೋಕದ ಎಲ್ಲ ಕಡೆಯ ಗೋಧಿ ವಿಜ್ಞಾನಿಗಳು ಉಪ್ಪಿನ ಪ್ರಯೋಗಕ್ಕೆ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ. ಅದರಿಂದ ಖಾರ್ಚಿಯಾ 65 ಬಂತು. ಕರ್ನಾಲಿನ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯವರು ಖಾರ್ಚಿಯಾ 65 ಅನ್ನು ಡಬ್ಲ್ಯುಎಲ್ 711 ಎಂಬ ಗಿಡ್ಡ, ಹೆಚ್ಚು ಇಳುವರಿಯ ಗೋಧಿಯ ಜೊತೆ ಸಂಕರ ಮಾಡಿ ಕೆಆರ್‌ಎಲ್ 1-4 ತೆಗೆದರು, 1990ರಲ್ಲಿ ಬಿಡುಗಡೆ. ಆಮೇಲೆ ಕೆಆರ್‌ಎಲ್ 19, 210, 213 ಹೀಗೆ ಸಾಲು ಬಂತು. ಪಿಎಚ್ 9.3ರ ಆಸುಪಾಸಿನ ನೆಲದಲ್ಲೂ ಇವು ಕೈಗೆ ಸಿಗುವಷ್ಟು ಬೆಳೆ ಕೊಡುತ್ತವೆ.

ಹಾಗಿದ್ದರೆ ನೇರವಾಗಿ ಇಂದಾಪುರಕ್ಕೆ ಯಾಕೆ ಬೇಡ? ಮೊದಲನೆಯದಾಗಿ ಚಳಿ. ಅವು ಉತ್ತರದ ಬಯಲಿಗೆ ಶಿಫಾರಸಾದ ತಳಿಗಳು. ಅಲ್ಲಿ ಚಳಿ ಗಟ್ಟಿ, ಉದ್ದ. ನಮ್ಮಲ್ಲಿ ನವೆಂಬರ್‌ನಲ್ಲಿ ಬಿತ್ತಿದರೆ ಫೆಬ್ರವರಿಗೆ ಬಿಸಿಲು ಚುರುಗುಟ್ಟುತ್ತದೆ. ಕಾಳು ಹಾಲು ತುಂಬುವ ಹೊತ್ತಿಗೆ ಬಿಸಿಲು ಬಿದ್ದರೆ ಕಾಳು ಜೊಳ್ಳಾಗುತ್ತದೆ. ಎರಡನೆಯದು ಭಂಡಾರ ರೋಗ. ನಮ್ಮ ದಖ್ಖನ್ ಕಡೆ ಕಾಂಡದ ಭಂಡಾರ, ಎಲೆಯ ಭಂಡಾರ ಎರಡಕ್ಕೂ ತಡೆ ಇರಬೇಕು, ಅಲ್ಲಿನ ಚಿಂತೆ ಜಾಸ್ತಿ ಹಳದಿ ಭಂಡಾರದ್ದು. ಮೂರನೆಯದು ಮಣ್ಣೇ ಬೇರೆ. ಅಲ್ಲಿನದು ಮೆಕ್ಕಲು, ನಮ್ಮದು ಜಿಗುಟು ಎರೆ. ನೀರು ನಿಂತರೆ ಬೇರಿಗೆ ಗಾಳಿ ಇಲ್ಲ. ಗಾಳಿ ಇಲ್ಲದ ಬೇರಿಗೆ ಸೋಡಿಯಂ ಅನ್ನು ಹೊರಗಿಡುವ ಶಕ್ತಿಯೂ ಉಳಿಯುವುದಿಲ್ಲ. ಕುಂಡದಲ್ಲಿ ಗೆದ್ದ ತಳಿ ಎರೆ ಹೊಲದಲ್ಲಿ ಸೋಲುವುದು ಬಹಳ ಸಲ ಇಲ್ಲೇ.

ಗಿಡ ಉಪ್ಪನ್ನು ಹೇಗೆ ತಡೆಯುತ್ತದೆ ಅಂತ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಉಪ್ಪು ಎರಡು ಸಲ ಹೊಡೆಯುತ್ತದೆ. ಮೊದಲ ಏಟು ಬಾಯಾರಿಕೆಯದು. ಸುತ್ತ ನೀರಿದ್ದರೂ ಬೇರು ಅದನ್ನು ಎಳೆದುಕೊಳ್ಳಲಾರದು, ಎಲೆ ಸಣ್ಣದಾಗುತ್ತದೆ, ತೆಂಡೆ ಕಡಿಮೆ ಒಡೆಯುತ್ತದೆ. ಎರಡನೆಯದು ನಿಧಾನದ ವಿಷ. ಸೋಡಿಯಂ ಮೆಲ್ಲಗೆ ಹಳೆ ಎಲೆಗಳಲ್ಲಿ ತುಂಬಿ ತುದಿಯಿಂದ ಸುಡುತ್ತಾ ಬರುತ್ತದೆ. ಚಪಾತಿ ಗೋಧಿಯ 4ಡಿ ಎಂಬ ವರ್ಣತಂತುವಿನ (ಕ್ರೋಮೋಸೋಮ್) ಮೇಲೆ ಒಂದು ಜೀನ್ ಇದೆ. ಮೇಲಕ್ಕೆ ಹೊರಟ ನೀರಿನಿಂದ ಸೋಡಿಯಂ ಅನ್ನು ಬೇರಿನಲ್ಲೇ ಹೆಕ್ಕಿ ಹಿಂದಕ್ಕೆ ಎಳೆದುಕೊಳ್ಳುವುದು ಅದರ ಕೆಲಸ. ಸೋಡಿಯಂ ಬೇರಲ್ಲೇ ಉಳಿಯುತ್ತದೆ, ಎಲೆಗೆ ಪೊಟ್ಯಾಸಿಯಂ ಮಾತ್ರ ಹೋಗುತ್ತದೆ. ಅದಕ್ಕೇ ನಾವು ತಳಿ ಆರಿಸುವಾಗ ತೆನೆಯ ಕೆಳಗಿನ ಕೊನೆಯ ಎಲೆಯನ್ನು ಕಿತ್ತು ಈ ಎರಡರ ಪ್ರಮಾಣ ಅಳೆಯುತ್ತೇವೆ.

ಬನ್ಸಿ ರವೆ ಮಾಡುವ ಡ್ಯೂರಂ ಗೋಧಿ ಮತ್ತು ಖಪ್ಲಿ (ನಮ್ಮ ಕಡೆ ಸದಕ ಅನ್ನುತ್ತಾರಲ್ಲ, ಅದೇ) ಎರಡಕ್ಕೂ ಈ ಡಿ ಗುಂಪಿನ ವರ್ಣತಂತುಗಳೇ ಇಲ್ಲ. ಆದ್ದರಿಂದ ಆ ಜೀನೂ ಇಲ್ಲ. ಖಪ್ಲಿ ಗಟ್ಟಿ ಪೈರು ನಿಜ. ಬಿಸಿಲು ತಡೆಯುತ್ತದೆ, ಕಾಂಡದ ಭಂಡಾರಕ್ಕೆ ತಡೆ ಕೊಡುವ ಜೀನುಗಳನ್ನು ಅದರಿಂದಲೇ ಬೇರೆ ಗೋಧಿಗಳಿಗೆ ತಂದಿದ್ದಾರೆ. ಆದರೆ 'ಗಟ್ಟಿ ತಳಿ, ಉಪ್ಪಿಗೂ ನಡೆಯುತ್ತೆ' ಅಂತ ಮಾರುವವರು ಹೇಳಿದರೆ ನಂಬಬೇಡಿ. ಒಂದರ ಗಟ್ಟಿತನ ಇನ್ನೊಂದಕ್ಕೆ ಸಾಕ್ಷಿಯಲ್ಲ.

ಡ್ಯೂರಂನ ಈ ಕೊರತೆ ತುಂಬಿದ ಒಂದು ಒಳ್ಳೆ ಕಥೆ ಇದೆ. ಆಸ್ಟ್ರೇಲಿಯಾದವರು ಹಳೆಯ ಒಂದು ಡ್ಯೂರಂ ಸಾಲಿನಲ್ಲಿ (ಅಂದರೆ ಒಂದೇ ಗುಣದ ಬೀಜವಂಶದಲ್ಲಿ) ಎಲೆಗೆ ಸೋಡಿಯಂ ಬಹಳ ಕಡಿಮೆ ಹೋಗುವುದನ್ನು ಕಂಡರು. ಬೆನ್ನು ಹತ್ತಿ ಹೋದರೆ ಆ ಗುಣ ಐನ್‌ಕಾರ್ನ್ ಎಂಬ ಪುರಾತನ ಗೋಧಿಯ ಸಂಕರದಿಂದ ಬಂದಿತ್ತು. ಸಂಕರ ಮಾಡಿದವರ ಉದ್ದೇಶ ಬೇರೆಯೇ ಇತ್ತು, ಉಪ್ಪಿನ ಗುಣ ಜೊತೆಗೆ ಬಂದುಬಿಟ್ಟಿತ್ತು. ಅದರಲ್ಲಿನ ಒಂದು ಜೀನನ್ನು ಮಾಮೂಲಿ ಸಂಕರದಿಂದಲೇ ಒಳ್ಳೆ ಡ್ಯೂರಂಗೆ ಸೇರಿಸಿ ಉಪ್ಪು ಹೊಲದಲ್ಲಿ ಬೆಳೆದಾಗ 25% ಹೆಚ್ಚು ಇಳುವರಿ ಬಂತು. ಇದು ಪ್ರಕಟವಾದದ್ದು 2012ರಲ್ಲಿ. ಒಳ್ಳೆ ನೆಲದಲ್ಲಿ ಅದರಿಂದ ನಷ್ಟವೂ ಇರಲಿಲ್ಲ. ಆದರೆ ಅಲ್ಲಿ ಹೊಲ ಒಣ, ನೀರು ನಿಲ್ಲುವ ಗೋಳು ಇಲ್ಲ. ನಿಮ್ಮ ತಗ್ಗಿಗೆ ಹಾಗೇ ಎತ್ತಿ ಹಾಕುವಂತಿಲ್ಲ.

ಇಷ್ಟಾದ ಮೇಲೆ ನಿಮ್ಮ ಕೊನೆಯ ಪ್ರಶ್ನೆ: ಯಾಕೆ ಇಷ್ಟು ತಡ? ಎಲ್ಲರೂ ಜೀನ್ ಸಿಕ್ಕರೆ ಮುಗಿಯಿತು ಅಂದುಕೊಳ್ಳುತ್ತಾರೆ. ಸಂಕರ ಮಾಡುವುದು ನಿಜಕ್ಕೂ ದೊಡ್ಡ ಕೆಲಸವಲ್ಲ, ಬೆನ್ನು ನೋಯುತ್ತದೆ ಅಷ್ಟೇ. ತೆನೆ ಎಲೆಯಿಂದ ಹೊರಗೆ ಬರುತ್ತಿರುವಾಗ ಕೂರಬೇಕು. ತುದಿಯ, ಬುಡದ ಸಣ್ಣ ಹೂಗಳನ್ನು ಕಿತ್ತು ಹಾಕಬೇಕು. ಉಳಿದ ಹೂವಿನ ಸಿಪ್ಪೆಯ ಮೇಲ್ತುದಿ ಕತ್ತರಿಸಿ, ಒಳಗಿರುವ ಮೂರು ಪರಾಗಕೋಶಗಳನ್ನು ಚಿಮುಟದಿಂದ ಒಂದೊಂದಾಗಿ ತೆಗೆಯಬೇಕು. ಅವು ಹಸಿರಿದ್ದಾಗಲೇ ತೆಗೆಯಬೇಕು. ಹಳದಿಗೆ ತಿರುಗಿದ್ದರೆ ತಡವಾಯಿತು, ಹೂ ತನ್ನಷ್ಟಕ್ಕೆ ತಾನೇ ಗರ್ಭ ಕಟ್ಟಿರುತ್ತದೆ. ಆಮೇಲೆ ಬೆಣ್ಣೆ ಕಾಗದದ ಚೀಲ ಹಾಕಿ, ಎರಡು ಮೂರು ದಿನ ಬಿಟ್ಟು ಇನ್ನೊಂದು ಗಿಡದ ತೆನೆಯನ್ನು ಆ ಚೀಲದೊಳಗೆ ಇಳಿಸಿ ತಿರುಗಿಸಬೇಕು. ಒಂದು ತೆನೆಗೆ ಹತ್ತಿಪ್ಪತ್ತು ಕಾಳು ಸಿಕ್ಕರೆ ಖುಷಿ.

ಅಲ್ಲಿಂದ ಆರೇಳು ತಲೆಮಾರು ಬೆಳೆದು ಆರಿಸಿದ ಮೇಲೆ ಸಾಲು ಸ್ಥಿರವಾಗುತ್ತದೆ. ಇದನ್ನು ಬೇಗ ಮುಗಿಸುವ ದಾರಿಗಳಿವೆ. ಬೇಸಿಗೆಯಲ್ಲಿ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ಇನ್ನೊಂದು ಬೆಳೆ ತೆಗೆಯಬಹುದು, ಅಲ್ಲಿ ಭಂಡಾರ ರೋಗ ತಾನಾಗಿ ಬರುವುದರಿಂದ ಅದರ ಪರೀಕ್ಷೆಯೂ ಆಗುತ್ತದೆ. ಗೋಧಿ ಹೂವಿಗೆ ಮೆಕ್ಕೆಜೋಳದ ಪರಾಗ ಹಾಕುವ ಉಪಾಯ ಇನ್ನೂ ಚಂದ. ಭ್ರೂಣ ಹುಟ್ಟುತ್ತದೆ, ಜೋಳದ ವರ್ಣತಂತುಗಳು ಉದುರಿಹೋಗುತ್ತವೆ, ಗೋಧಿಯದ್ದು ಅರ್ಧ ಮಾತ್ರ ಉಳಿಯುತ್ತದೆ. ಅದನ್ನು ಲ್ಯಾಬಿನಲ್ಲಿ ಸಾಕಿ ಕೋಲ್ಚಿಸಿನ್ ಎಂಬ ರಾಸಾಯನಿಕದಿಂದ ವರ್ಣತಂತುಗಳನ್ನು ದುಪ್ಪಟ್ಟು ಮಾಡಿದರೆ ಒಂದೇ ಏಟಿಗೆ ಸ್ಥಿರ ಸಾಲು.

ಸಾಲು ಬೇಗ ಸಿಗುತ್ತದೆ, ಪರೀಕ್ಷೆ ಮಾತ್ರ ಬೇಗ ಆಗುವುದಿಲ್ಲ. ನಿಜವಾದ ಗಂಟು ಇರುವುದು ಅಲ್ಲಿ. ಇಪ್ಪತ್ತು ಸಾಲುಗಳನ್ನು ಸವಳು ಹೊಲದಲ್ಲಿ ಅಕ್ಕಪಕ್ಕ ಹಾಕುತ್ತೀರಿ. ಐದನೆಯದು ಚೆನ್ನಾಗಿ ಬಂತು. ತಳಿ ಚೆನ್ನಾಗಿದೆಯೋ, ಅದರ ಕೆಳಗಿನ ಮಣ್ಣಿನಲ್ಲಿ ಉಪ್ಪು ಕಡಿಮೆ ಇತ್ತೋ? ಎರಡು ಹೆಜ್ಜೆಗೆ ಇಸಿ 4ರಿಂದ 12ಕ್ಕೆ ಜಿಗಿಯುವ ನೆಲದಲ್ಲಿ ಇದನ್ನು ಹೇಳುವುದು ಬಹಳ ಕಷ್ಟ. ಒಂದೇ ಸಮನಾದ ಕೆಟ್ಟ ನೆಲ ಸಿಗುವುದು ಒಳ್ಳೆ ನೆಲ ಸಿಗುವುದಕ್ಕಿಂತ ಕಷ್ಟ! ಅದಕ್ಕೇ ಕರ್ನಾಲ್‌ನಲ್ಲಿ ಸಿಮೆಂಟ್ ತೊಟ್ಟಿಯಂಥ ಸಣ್ಣ ಮಡಿಗಳಲ್ಲಿ ಅಳತೆ ಮಾಡಿದ ಉಪ್ಪು, ಸೋಡಾ ಸೇರಿಸಿದ ಮಣ್ಣು ತುಂಬಿ ಮೊದಲ ಜರಡಿ ಹಿಡಿಯುತ್ತಾರೆ, ಆಮೇಲೆ ಹೊಲಕ್ಕೆ ಒಯ್ಯುತ್ತಾರೆ. ಇದಾದ ಮೇಲೆ ಅಖಿಲ ಭಾರತ ಸಮನ್ವಿತ ಪರೀಕ್ಷೆಗಳು, ಹಲವು ಊರುಗಳಲ್ಲಿ, ಸಾಮಾನ್ಯವಾಗಿ ಮೂರು ವರ್ಷ. ಅಲ್ಲಿ ಹೋಲಿಕೆಗೆ ಇಟ್ಟ ತಳಿಗಳ ಮುಂದೆ ಗೆದ್ದರೆ ಬಿಡುಗಡೆ. ಆಮೇಲೂ ಬೀಜ ಹೆಚ್ಚಿಸಿ ಅಂಗಡಿಗೆ ಬರಲು ಎರಡು ಮೂರು ವರ್ಷ ಹಿಡಿಯುತ್ತದೆ. ಮಹಾರಾಷ್ಟ್ರ, ಕರ್ನಾಟಕದ ಒಟ್ಟು ಗೋಧಿಯೇ ಉತ್ತರದ ಮುಂದೆ ಚಿಕ್ಕದು, ಅದರಲ್ಲಿ ಸವಳು ನೆಲದ ಗೋಧಿ ಇನ್ನೂ ಚಿಕ್ಕದು. ಅದಕ್ಕೆ ದುಡ್ಡು, ಜನ ಎಷ್ಟು ಸಿಗುತ್ತದೆ, ನೀವೇ ಊಹಿಸಿ.

ಜೀನ್ ಎಡಿಟಿಂಗ್ ಬಗ್ಗೆ ಎರಡೇ ಮಾತು. 2025ರ ಮೇ ತಿಂಗಳಲ್ಲಿ ನಮ್ಮ ದೇಶ ಎರಡು ಎಡಿಟ್ ಮಾಡಿದ ಭತ್ತದ ತಳಿಗಳನ್ನು ಪ್ರಕಟಿಸಿತು. ಅದರಲ್ಲಿ ಪೂಸಾ ಡಿಎಸ್‌ಟಿ ರೈಸ್ 1 ಬರ ಮತ್ತು ಉಪ್ಪು ತಡೆಯಲಿ ಎಂದೇ ಮಾಡಿದ್ದು. ಅದರ ಬಗ್ಗೆ ವಾದ ವಿವಾದವೂ ನಡೆಯಿತು. ಗೋಧಿಗೆ ಇದು ಇನ್ನೂ ಕಠಿಣ. ಗೋಧಿಯ ಜೀನೋಮ್ (ಒಟ್ಟು ಡಿಎನ್‌ಎ) ಭತ್ತದ್ದಕ್ಕಿಂತ ಸುಮಾರು 40 ಪಟ್ಟು ದೊಡ್ಡದು. ಚಪಾತಿ ಗೋಧಿಯಲ್ಲಿ ಬಹುಪಾಲು ಜೀನುಗಳಿಗೆ ಮೂರು ಜೊತೆ ಪ್ರತಿಗಳಿವೆ, ಒಂದನ್ನು ಕೆಡಿಸಿದರೆ ಉಳಿದೆರಡು ಆ ಕೆಲಸ ಮುಂದುವರಿಸುತ್ತವೆ. ಮಾಡಬಹುದು, ಮಾಡುತ್ತಲೂ ಇದ್ದಾರೆ. ಆದರೆ ಎಡಿಟ್ ಮಾಡಿದ ಸಾಲೂ ಕೊನೆಗೆ ಅದೇ ತುಂಡು ತುಂಡು ಉಪ್ಪು ಹೊಲದಲ್ಲಿ ನಿಂತು ಸಾಬೀತಾಗಬೇಕು.

ಈಗ ನಿಮ್ಮ ಹಿಂಗಾರು. ಅಕ್ಟೋಬರ್‌ನಲ್ಲಿ ಮೂರು ಭಾಗದ ಮಣ್ಣನ್ನು ಮೂರು ಬೇರೆ ಚೀಲದಲ್ಲಿ ತೆಗೆಸಿ. ಎಲ್ಲ ಕಲಸಿ ಒಂದೇ ಮಾದರಿ ಕೊಟ್ಟರೆ ವರದಿಗೆ ಅರ್ಥವೇ ಇರುವುದಿಲ್ಲ. ಬಾರಾಮತಿಯ ಮಾಳೇಗಾಂವ್‌ನಲ್ಲಿ 2009ರಲ್ಲಿ ಶುರುವಾದ ರಾಷ್ಟ್ರೀಯ ಅಜೈವಿಕ ಒತ್ತಡ ನಿರ್ವಹಣಾ ಸಂಸ್ಥೆ ಇದೆ, ನಿಮ್ಮ ಹೊಲದಿಂದ ದೂರವೇನಲ್ಲ. ಬರ, ಬಿಸಿಲು, ಉಪ್ಪು ಇವೇ ಅವರ ಕೆಲಸ, ಅಣ್ಣ ಒಮ್ಮೆ ಹೋಗಿ ಬರಲಿ. ಪುಣೆಯ ಆಗರ್ಕರ್ ಸಂಶೋಧನಾ ಸಂಸ್ಥೆಯ ಗೋಧಿ ಫಾರ್ಮ್ ಬಾರಾಮತಿ ತಾಲೂಕಿನ ಹೋಳ್‌ನಲ್ಲಿದೆ. ಅವರ ಎಂಎಸಿಎಸ್ 6222, ಎಂಎಸಿಎಸ್ 6478 ನಮ್ಮ ಹವೆಗೆ ಮಾಡಿದ ಚಪಾತಿ ಗೋಧಿಗಳು. ಮೇಲಿನ ಮೂರು ಎಕರೆಗೆ ಅಂಥದ್ದೇ ಹಾಕಿ, ನಡುವಿನ ಅರ್ಧ ಎಕರೆಯ ಬಹುಪಾಲಿಗೂ ಅದನ್ನೇ ಹಾಕಿ. ಅದರ ಪಕ್ಕದಲ್ಲೇ ನಾಲ್ಕು ಗುಂಟೆ ಕೆಆರ್‌ಎಲ್ 210. ಪಟ್ಟಿ ಇಳಿಜಾರಿನ ಉದ್ದಕ್ಕೆ, ಮೇಲಿಂದ ತಗ್ಗಿಗೆ ಇಳಿಯುವಂತೆ ಇರಲಿ. ಅಡ್ಡ ಹಾಕಿದರೆ ಒಂದು ತಳಿಗೆ ಒಳ್ಳೆ ಮಣ್ಣು, ಇನ್ನೊಂದಕ್ಕೆ ಕೆಟ್ಟದ್ದು ಸಿಕ್ಕಿ ಹೋಲಿಕೆಯೇ ಕೆಡುತ್ತದೆ.

ಸವಳು ಭಾಗದಲ್ಲಿ ಬೀಜ ಕಾಲು ಪಾಲು ಜಾಸ್ತಿ ಹಾಕಿ, ಮೊಳಕೆ ಕಡಿಮೆ ಬರುತ್ತದೆ. ಬಿತ್ತುವ ಮೊದಲು ಒಂದು ತುಂಬು ನೀರು ಕೊಟ್ಟು ಉಪ್ಪನ್ನು ಕೆಳಗೆ ತಳ್ಳಿ, ಬೆಳೆ ಬಂದ ಮೇಲೆ ತೆಳುವಾಗಿ, ಬೇಗಬೇಗ ಕೊಡಿ. ಏರುಮಡಿ ಮಾಡುವುದಾದರೆ ಬೀಜ ಏರಿನ ನೆತ್ತಿಯ ಮೇಲೆ ಬೇಡ, ಉಪ್ಪು ಬಂದು ಕೂರುವುದೇ ಅಲ್ಲಿ, ಪಕ್ಕದ ಇಳಿಜಾರಿನಲ್ಲಿ ಬಿತ್ತಿ. ತೀರಾ ಬೆಳ್ಳಗಿರುವ ಅರ್ಧ ಎಕರೆಗೆ ಈ ವರ್ಷ ಗೋಧಿ ಹಾಕಲೇಬೇಡಿ. ಅಲ್ಲಿ ಮೊದಲು ಬಸಿಗಾಲುವೆ, ಚೋಪಣ ಅಂತ ಗೊತ್ತಾದರೆ ಮುಂಗಾರಿಗೆ ಮುಂಚೆ ಲ್ಯಾಬ್ ಹೇಳಿದಷ್ಟು ಜಿಪ್ಸಂ, ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಸಿಕ್ಕರೆ ಅದೂ ಒಳ್ಳೆಯದು, ಮೇಲೆ ಡೈಂಚಾ ಹಸಿರೆಲೆ ಗೊಬ್ಬರ.

ಕೊಯ್ಲಿನಲ್ಲಿ ಎರಡು ತಳಿಯ ಕಾಳನ್ನೂ ಬೇರೆ ಬೇರೆ ತೂಗಿಸಿ, ಕಣದಲ್ಲಿ ಕಲಸಲು ಬಿಡಬೇಡಿ. ಗೋಧಿ ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ. ಕೆಆರ್‌ಎಲ್ ನಿಜವಾಗಿ ಗೆದ್ದರೆ ಆ ಕಾಳನ್ನೇ ಮುಂದಿನ ವರ್ಷ ನಡುವಿನ ಅರ್ಧ ಎಕರೆಗೆ ಬೀಜವಾಗಿ ಬಳಸಬಹುದು, ಮತ್ತೆ ಹರಿಯಾಣಕ್ಕೆ ಹೇಳಿ ಕಳಿಸಬೇಕಾಗಿಲ್ಲ. ಅಣ್ಣನ ಖಪ್ಲಿ ಆಸೆಯೂ ಕೆಡುವುದು ಬೇಡ. ಮೇಲಿನ ಮೂರು ಎಕರೆಯ ತಲೆಯ ಕಡೆ, ನೀರು ಚೆನ್ನಾಗಿ ಬಸಿಯುವಲ್ಲಿ ಅರ್ಧ ಎಕರೆ ಹಾಕಲಿ. ಆದರೆ ಅದರ ಸಿಪ್ಪೆ ಬಿಡಿಸಿಕೊಡುವ ಗಿರಣಿ ಹತ್ತಿರ ಇದೆಯೇ ಅಂತ ಬಿತ್ತುವ ಮೊದಲೇ ವಿಚಾರಿಸಿಕೊಳ್ಳಲಿ, ಮಾಮೂಲಿ ಗೋಧಿಯ ಹಾಗೆ ಒಕ್ಕಿದ ಕೂಡಲೇ ಅದರ ಕಾಳು ಬಿಡುವುದಿಲ್ಲ.